ಅದಿರಿನ ಊರಿನವರು ಡಿವಿಡೆಂಡ್ ಫಂಡ್ ಕೊಳ್ಳುವ ಮುಂಚೆ

2011ರ ಜುಲೈ ಕೊನೆಗೆ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಾಗ ನನ್ನ ಎರಡು ಟಿಪ್ಪರ್ ಸಂಡೂರಿನ ಅದಿರು ಹೊರುತ್ತಿದ್ದವು. ಗಾಡಿಗಳು ಮನೆ ಮುಂದೆ ನಿಂತು ಟೈರಿನ ಸುತ್ತ ಹುಲ್ಲು ಬೆಳೆಯಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಈಗ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್, ಗುಂಡಿ, ರಿವೆಟ್ ಮಾರುತ್ತೇನೆ. ಹಾಗಾಗಿ ನನ್ನ ಮೊದಲ ಮಾತು: ಆರು ತಿಂಗಳ ಮನೆಖರ್ಚು, ಕಂತಿನ ದುಡ್ಡು ಎಫ್‌ಡಿಯಲ್ಲಿ ಇರಲಿ. ಫಂಡಿನ ಮಾತು ಆಮೇಲೆ.

ಅಂಗಡಿ ಒಂದು ಹದಕ್ಕೆ ಬಂದ ಮೇಲೆ ಒಬ್ಬ ಏಜೆಂಟರು, "ಅಣ್ಣ, ಬ್ಯಾಂಕ್ ಬಡ್ಡಿ ಇದ್ದಂಗೆ, ತಿಂಗಳಾ ತಿಂಗಳಾ ಡಿವಿಡೆಂಡ್ ಬರ್ತದೆ" ಎಂದರು. ಅವರು ಹೇಳಿದ ಮ್ಯೂಚುವಲ್ ಫಂಡಿನ ಡಿವಿಡೆಂಡ್ ಆಯ್ಕೆಗೆ 2 ಲಕ್ಷ ಹಾಕಿದೆ. ಯೂನಿಟ್‌ಗೆ (ಫಂಡಿನ ಒಂದು ಪಾಲಿಗೆ) 20 ರೂಪಾಯಿಯಂತೆ ಹತ್ತಿರತ್ತಿರ 10,000 ಯೂನಿಟ್ ಬಂದವು. ಯೂನಿಟ್‌ಗೆ 20 ಪೈಸೆ ಡಿವಿಡೆಂಡ್ ಕೊಟ್ಟರು, ಖಾತೆಗೆ 2,000 ಬಿತ್ತು, ಖುಷಿಪಟ್ಟೆ. ರಾತ್ರಿ ಮೊಬೈಲಿನಲ್ಲಿ ಒಂದು ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿ ನೋಡಿದರೆ 20.36 ಇದ್ದದ್ದು 20.15 ಆಗಿದೆ. ಒಂದು ಪೈಸೆ ಮಾರುಕಟ್ಟೆ ಇಳಿದದ್ದು. ಉಳಿದ 20 ಪೈಸೆ ನನ್ನ ಜೇಬಿನಿಂದಲೇ ತೆಗೆದು ನನಗೇ ಕೊಟ್ಟದ್ದು. ಈ ಗೊಂದಲ ತಪ್ಪಲೆಂದೇ ಷೇರು ಮಾರುಕಟ್ಟೆ, ಫಂಡುಗಳ ನಿಯಂತ್ರಕ ಸೆಬಿ 2021ರ ಏಪ್ರಿಲ್‌ನಿಂದ ಈ ಆಯ್ಕೆಗಿದ್ದ ಡಿವಿಡೆಂಡ್ ಎಂಬ ಹೆಸರು ತೆಗೆಸಿ ಐಡಿಸಿಡಬ್ಲ್ಯು ಎಂದು ಬರೆಸುತ್ತಿದೆ. ಆದಾಯ ಹಂಚಿಕೆಯ ಜೊತೆ ಬಂಡವಾಳವನ್ನೂ ವಾಪಸ್ ಕೊಡಬಹುದು ಅಂತ ಅದರ ಅರ್ಥ.

ಡಿವಿಡೆಂಡ್ ಈಲ್ಡ್ ಫಂಡ್ ಅನ್ನುವುದು ಬೇರೆ. ಲಾಭದಲ್ಲಿ ಒಳ್ಳೆಯ ಪಾಲು ಹಂಚುವ ಕಂಪನಿಗಳ ಷೇರನ್ನೇ ಹೆಚ್ಚಾಗಿ ಕೊಳ್ಳುವ ಫಂಡ್ ಅದು. ಕೊಳ್ಳುವುದಾದರೆ ಗ್ರೋತ್ ಆಯ್ಕೆ ಒತ್ತಿ; ಕಂಪನಿಗಳು ಕೊಟ್ಟ ಡಿವಿಡೆಂಡ್ ಫಂಡಿನೊಳಗೇ ಸೇರಿ ಬೆಳೆಯುತ್ತದೆ. ತಿಂಗಳ ಖರ್ಚಿಗೆ ಬೇಕಿದ್ದರೆ ಎಸ್‌ಡಬ್ಲ್ಯುಪಿ (ತಿಂಗಳಿಗೆ ಇಷ್ಟು ಅಂತ ಯೂನಿಟ್ ಮಾರಿ ದುಡ್ಡು ತೆಗೆಯುವ ವ್ಯವಸ್ಥೆ) ಹಾಕಿ, ಎಷ್ಟು ಬೇಕೋ ಅಷ್ಟೇ ತೆಗೆಯಿರಿ. ತೆರಿಗೆಯಲ್ಲೂ ಸಾಮಾನ್ಯವಾಗಿ ಇದೇ ಹಗುರ. ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಒಂದು ಫಂಡ್ ಸಂಸ್ಥೆಯಿಂದ ವರ್ಷಕ್ಕೆ 10,000 ದಾಟಿದರೆ 10% ತೆರಿಗೆ (ಟಿಡಿಎಸ್) ಮೊದಲೇ ಮುರಿಯುತ್ತಾರೆ. ಗ್ರೋತ್‌ನಲ್ಲಿ ವರ್ಷ ದಾಟಿಸಿ ಮಾರಿದರೆ ಲಾಭಕ್ಕೆ ಮಾತ್ರ ತೆರಿಗೆ, ಅದೂ ವರ್ಷಕ್ಕೆ 1.25 ಲಕ್ಷ ಮೀರಿದ ಭಾಗಕ್ಕೆ 12.5%. ಡೈರೆಕ್ಟ್ ಪ್ಲಾನೇ ಕೊಳ್ಳಿ, ನೇರ ಸಂಸ್ಥೆಯಿಂದಲೇ ಕೊಳ್ಳುವುದರಿಂದ ಅದರಲ್ಲಿ ಏಜೆಂಟರ ಕಮಿಷನ್ ಇಲ್ಲ.

ಇನ್ನು ನಮ್ಮ ಜಿಲ್ಲೆಯವರು ಕಣ್ಣಿಟ್ಟು ನೋಡಬೇಕಾದ್ದು ಬೇರೆ ಇದೆ. ಹೆಚ್ಚು ಡಿವಿಡೆಂಡ್ ಕೊಡುವ ಕಂಪನಿಗಳು ಕಲ್ಲಿದ್ದಲು, ವಿದ್ಯುತ್, ತೈಲ, ಲೋಹ, ಐಟಿ ಕಡೆ ಜಾಸ್ತಿ. ತೋರಣಗಲ್ಲಿನ ಉಕ್ಕಿನ ಕೆಲಸದಲ್ಲೋ ಅದಿರು ಲಾರಿಯಲ್ಲೋ ಇರುವವನು ಲೋಹ ತುಂಬಿದ ಫಂಡ್ ಕೊಂಡರೆ, ಅದಿರಿನ ಬೆಲೆ ಕುಸಿದ ವರ್ಷ ಬಾಡಿಗೆಯೂ ಇಲ್ಲ, ಫಂಡೂ ಇಳಿದಿರುತ್ತದೆ. ಒಂದನ್ನೇ ನೆಚ್ಚಿ ಕೂರುವ ಈ ಕಷ್ಟ ನೀರಾವರಿ ಕಡೆಯವರಿಗೂ ಹೊಸದಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ನನ್ನ ಗಿರಾಕಿಗಳ ಮುಖ ನೋಡಲಾಗುತ್ತಿರಲಿಲ್ಲ. ಅವರಿಗೆ ಭತ್ತ ಬಿಟ್ಟು ಬೇರೆ ಏನೂ ಇರಲಿಲ್ಲ.

ಪ್ರತಿ ಫಂಡಿನ ಫ್ಯಾಕ್ಟ್‌ಶೀಟ್ (ಯಾವ ಷೇರು, ಯಾವ ವಲಯದಲ್ಲಿ ಎಷ್ಟು ಹಾಕಿದೆ ಎಂಬ ಪಟ್ಟಿ) ತಿಂಗಳಿಗೊಮ್ಮೆ ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಬರುತ್ತದೆ. ಒಂದು ಹಾಳೆಯಲ್ಲಿ ಗೀಟು ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ನಿಮ್ಮ ದುಡಿಮೆ ಯಾವುದರ ಮೇಲೆ ನಿಂತಿದೆ ಅಂತ ಬರೆಯಿರಿ. ಉಳಿದೆರಡರಲ್ಲಿ ನಿಮ್ಮ ಎರಡು ಫಂಡುಗಳ ಮೊದಲ ಐದೈದು ವಲಯ, ಅವುಗಳ ಶೇಕಡಾವಾರು. ಎರಡು ಕಡೆ ಬಂದ ಹೆಸರಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ನನ್ನ ಹಾಳೆಯಲ್ಲಿ ಮೊದಲ ಸಲ ಐದರಲ್ಲಿ ನಾಲ್ಕಕ್ಕೆ ಸುತ್ತು ಬಿತ್ತು. ಎರಡು ಫಂಡ್ ಇದೆ ಅಂದುಕೊಂಡಿದ್ದೆ, ಇದ್ದದ್ದು ಒಂದೇ. ಒಂದನ್ನು ಮಾರಿ ನಿಫ್ಟಿ 50 ಇಂಡೆಕ್ಸ್ ಫಂಡಿಗೆ, ಅಂದರೆ ನಿಫ್ಟಿ ಸೂಚ್ಯಂಕದ 50 ದೊಡ್ಡ ಕಂಪನಿಗಳ ಷೇರನ್ನೇ ಕೊಳ್ಳುವ ಫಂಡಿಗೆ, ಹೋದೆ. ಅದರಲ್ಲೂ ಬ್ಯಾಂಕು, ಫೈನಾನ್ಸ್ ಪಾಲೇ ದೊಡ್ಡದು, ಆದರೆ ನನ್ನ ದುಡಿಮೆಗೂ ಅದಕ್ಕೂ ನೇರ ನಂಟಿಲ್ಲ. ಫಂಡಿಗೆ ಹಾಕುವ ಒಟ್ಟು ದುಡ್ಡಿನಲ್ಲಿ ಡಿವಿಡೆಂಡ್ ಈಲ್ಡ್ ಫಂಡಿಗೆ ಮೂರನೇ ಒಂದು ಪಾಲು ಸಾಕು ಅಂತ ನನ್ನ ಲೆಕ್ಕ.

ಯುಗಾದಿಗೊಮ್ಮೆ, ದೀಪಾವಳಿಯ ಲೆಕ್ಕದ ಪುಸ್ತಕದ ಪೂಜೆಗೆ ಮುಂಚೆ ಇನ್ನೊಮ್ಮೆ ಆ ಹಾಳೆಯನ್ನು ಹೊಸದಾಗಿ ಬರೆಯುತ್ತೇನೆ. ಕಳೆದ ಸಲ ಈಲ್ಡ್ ಫಂಡಿನಲ್ಲಿ ಲೋಹದ ಪಾಲು ಏರಿದ್ದು ಕಂಡು, ಅದರ ಎಸ್‌ಐಪಿ (ತಿಂಗಳ ಕಂತು) ನಿಲ್ಲಿಸಿ ಆ ದುಡ್ಡನ್ನು ಇಂಡೆಕ್ಸ್ ಫಂಡಿಗೆ ತಿರುಗಿಸಿದೆ.