ಹಳೇ ಕಾರಿನ ಮುಂದಿನ ಗ್ಲಾಸ್ ಕಡಿಮೆ ಖರ್ಚಲ್ಲಿ ಹಾಕಿಸ್ಕೊಳ್ಳೋದು ಹೇಗೆ

ಲಾರಿ ಟೈರಿಂದ ಹಾರಿದ ಕಲ್ಲು ಬಿದ್ದು ಗ್ಲಾಸ್ ಬಿರುಕು ಬಿಡ್ತು ಅಂತ ತಕ್ಷಣ ಶೋರೂಮಿಗೆ ಓಡ್ಬೇಡಿ. ಚುಕ್ಕಿಯಷ್ಟು ಏಟು, ಅದೂ ಡ್ರೈವರ್ ಕಣ್ಣೆದುರಿಗಿಲ್ಲ ಅಂದ್ರೆ ರೆಸಿನ್ (ಒಣಗಿ ಗಟ್ಟಿಯಾಗೋ ಪಾರದರ್ಶಕ ಅಂಟು) ತುಂಬಿಸಿದ್ರೆ ಸಾಕಾಗುತ್ತೆ, ಅಲ್ಲಿವರ್ಗೂ ಮೇಲೊಂದು ಟೇಪ್ ಅಂಟಿಸಿ ಧೂಳು ನೀರು ಒಳಗೆ ಹೋಗ್ದಂಗೆ ನೋಡ್ಕೊಳಿ. ಬಿರುಕು ಅಂಚಿನ ತನಕ ಓಡಿದ್ರೆ ಬದಲಾಯಿಸ್ಲೇಬೇಕು.

ಮೊದ್ಲು ಕಾರಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ನಷ್ಟಕ್ಕೆ ಮಾತ್ರ ಕೊಡೋದು) ಇದ್ರೆ ಪೂರ್ತಿ ದುಡ್ಡು ನಿಮ್ದೇ. ಕಾಂಪ್ರಹೆನ್ಸಿವ್ (ನಿಮ್ಮ ಕಾರಿನ ನಷ್ಟಕ್ಕೂ ಕೊಡೋದು) ಇದ್ರೆ ಕಾರು ಎಷ್ಟೇ ಹಳೇದಾದ್ರೂ ಗ್ಲಾಸಿಗೆ ಡಿಪ್ರಿಸಿಯೇಷನ್, ಅಂದ್ರೆ ಹಳೇದಾಯ್ತು ಅಂತ ಬೆಲೆ, ಕಳೆಯಲ್ಲ, ಆದ್ರೆ 1500 ಸಿಸಿ ಒಳಗಿನ ಎಂಜಿನ್ ಇರೋ ಕಾರಿಗೆ 1000 ರೂಪಾಯಿ ನೀವೇ ಹಾಕ್ಬೇಕು, ಮೇಲೆ 50% ತನಕ ಬೆಳೆದಿರೋ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡ್ದೇ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ) ಹೋಗುತ್ತೆ, ಹಾಗಾಗಿ ಲೆಕ್ಕ ಹಾಕಿಯೇ ಕ್ಲೇಮ್ ಮಾಡಿ.

ಗ್ಲಾಸ್ ಹುಡುಕೋಕೆ ಬೆಂಗಳೂರಲ್ಲಾದ್ರೆ ಗಾಡಿ ಬಿಡಿಭಾಗಗಳ ಅಂಗಡಿಗಳಿರೋ ಜೆಸಿ ರೋಡ್ ಇದ್ದೇ ಇದೆ. ಎರಡ್ಮೂರು ಅಂಗಡೀಲಿ ರೇಟ್ ಕೇಳಿ, ಗ್ಲಾಸ್, ಬೀಡಿಂಗ್ (ಗ್ಲಾಸ್ ಸುತ್ತ ಕೂರೋ ಪಟ್ಟಿ), ಫಿಟ್ಟಿಂಗ್ ಎಲ್ಲಾ ಸೇರಿ ಎಷ್ಟು ಅಂತ್ಲೇ ಕೇಳಿ, ಇಲ್ಲಾಂದ್ರೆ ಆಮೇಲೆ ಒಂದೊಂದಾಗಿ ಸೇರಿಸ್ತಾರೆ. ಮೂಲೇಲಿ ಐಎಸ್‌ಐ ಗುರುತು ಇರ್ಬೇಕು, ಲ್ಯಾಮಿನೇಟೆಡ್ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರೋದು) ಆಗಿರ್ಬೇಕು. ಗುಜರಿ ಗ್ಲಾಸ್ ಇನ್ನೂ ಅಗ್ಗ, ಆದ್ರೆ ಬಿಸಿಲಿಗೆ ಅಡ್ಡ ಹಿಡ್ದು ನೋಡಿ, ವೈಪರ್ ಉಜ್ಜಿರೋ ಗೀರು ಕಮಾನಿನ ಥರ ಕಂಡ್ರೆ ಬೇಡ, ರಾತ್ರಿ ಎದುರು ಗಾಡಿ ಲೈಟ್ ಬಿದ್ದಾಗ ಏನೂ ಕಾಣಲ್ಲ.

ಮಾರುತಿ 800, ಓಮ್ನಿ, ಅಂಬಾಸಿಡರ್ ಥರದವಕ್ಕೆ ರಬ್ಬರ್ ಬೀಡಿಂಗ್ ಇರುತ್ತೆ, ಇದು ಸುಲಭದ ಕೆಲ್ಸ. ಹಳೇ ಬೀಡಿಂಗ್ ಕಲ್ಲಾಗಿರುತ್ತೆ, ಅದನ್ನೇ ಮತ್ತೆ ಹಾಕ್ತೀನಿ ಅಂದ್ರೆ ಒಪ್ಬೇಡಿ, ಬೇಕಾದ್ರೆ ಗ್ಲಾಸ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ ಬೀಡಿಂಗ್ ಮಾತ್ರ ಹೊಸದೇ ಇರ್ಲಿ. ಗ್ಲಾಸ್ ತೆಗೆದ್ಮೇಲೆ ಫ್ರೇಮಿನ ಕೆಳಗಿನ ಮೂಲೆಗಳ್ನ ನೋಡಿ, ತುಕ್ಕು ಅಲ್ಲೇ ಕೂತಿರೋದು, ಉಜ್ಜಿಸಿ ಪ್ರೈಮರ್ ಹೊಡೆಸಿ, ಪೇಂಟ್ ಮಾಡಿಸಿ. ಆಮೇಲೆ ಬೀಡಿಂಗನ್ನ ಗ್ಲಾಸಿಗೆ ಸುತ್ತಿ, ಅದರ ಸಂದಿಗೆ ನೈಲಾನ್ ದಾರ ತೂರ್ಸಿ, ಸೋಪು ನೀರು ಸವರ್ತಾರೆ; ಒಬ್ರು ಒಳಗಿಂದ ದಾರ ಎಳೀತಾ ಬಂದ್ರೆ ಇನ್ನೊಬ್ರು ಹೊರಗಿಂದ ಅಂಗೈಲಿ ತಟ್ತಾ ಬರ್ಬೇಕು, ರಬ್ಬರ್ ತುಟಿ ಫ್ರೇಮ್ ಮೇಲೆ ತಾನೇ ಮಗುಚಿ ಕೂರುತ್ತೆ. ನೋಡೋಕೇ ಚೆಂದ.

ರಬ್ಬರ್ ಬೀಡಿಂಗ್ ಇಲ್ದೆ ನೇರ ಫ್ರೇಮಿಗೆ ಅಂಟಿಸೋ ಗ್ಲಾಸ್ ಆದ್ರೆ ಪಿಯು (ಪಾಲಿಯುರೆಥೇನ್) ಸೀಲೆಂಟೇ ಹಾಕ್ಸಿ, ಬಾತ್‌ರೂಮಿಗೆ ಹಾಕೋ ಸಿಲಿಕೋನ್ ಅಲ್ಲ. ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಗಾಡಿ ಮುಟ್ಬೇಡಿ, ಒಂದು ಕಿಟಕಿ ಸ್ವಲ್ಪ ಇಳಿಸಿಡಿ, ಇಲ್ಲಾಂದ್ರೆ ಬಾಗಿಲು ದಡಾರಂತ ಹಾಕಿದಾಗ ಒಳಗಿನ ಗಾಳಿಗೆ ಹಸಿ ಅಂಟು ಬಿಡುತ್ತೆ. ಒಣಗಿದ್ಮೇಲೆ ಪೈಪಲ್ಲಿ ನೀರು ಬಿಟ್ಟು ಡ್ಯಾಶ್‌ಬೋರ್ಡ್ ಕೆಳಗೆ ಕೈಯಾಡ್ಸಿ ನೋಡಿ, ಒದ್ದೆ ಇದ್ರೆ ಅಲ್ಲೇ ಸರಿ ಮಾಡಿಸ್ಕೊಂಡು ದುಡ್ಡು ಕೊಡಿ.

ಫಾಸ್ಟ್ಯಾಗ್ ಹಳೇ ಗ್ಲಾಸ್ ಜೊತೇಲೇ ಹೋಗುತ್ತೆ, ಕಿತ್ತು ಅಂಟಿಸಿದ್ರೆ ಕೆಲ್ಸ ಮಾಡಲ್ಲ. ಬ್ಯಾಂಕಿಗೆ ಮೊದ್ಲೇ ಬದಲಿ ಟ್ಯಾಗಿಗೆ ಅರ್ಜಿ ಹಾಕಿಡಿ.