ಸಂಡರ್‌ಲ್ಯಾಂಡಿನ ಕಾರು, ಪೀಣ್ಯದ ಬ್ರಾಕೆಟ್ಟು

ಆಗ ನಾನು ಪೀಣ್ಯದಲ್ಲಿ ತಗಡು ಒತ್ತಿ ಪಾರ್ಟ್ ಮಾಡುವ ಒಂದು ಪ್ರೆಸ್ ಶಾಪಿನಲ್ಲಿ ಟೂಲ್‌ರೂಮ್ (ಅಚ್ಚು ಮಾಡಿ, ರಿಪೇರಿ ಮಾಡುವ ವಿಭಾಗ) ನೋಡಿಕೊಳ್ಳುತ್ತಿದ್ದೆ. 2009ರ ಕೊನೆಗೆ ಒಂದು ಡ್ರಾಯಿಂಗ್ ಬಂತು. ಅಂಗೈಯಗಲದ ಬ್ರಾಕೆಟ್ಟು, ಎರಡು ತೂತು, ಒಂದು ಬೆಂಡು. ಜಪಾನಿನ ನಿಸಾನ್ ಕಂಪನಿಯ ಹೊಸ ಮೈಕ್ರಾ ಕಾರಿಗೆ. ಯುರೋಪಿನವರ ಮೈಕ್ರಾ ಅಲ್ಲಿಯವರೆಗೆ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ತಯಾರಾಗುತ್ತಿತ್ತು. 2010ರಿಂದ ಅದನ್ನು ಚೆನ್ನೈ ಹತ್ತಿರದ ಒರಗಡಂನಲ್ಲಿ ಮಾಡಿ, ಎಣ್ಣೂರು ಬಂದರಿನಿಂದ ಹಡಗು ಹತ್ತಿಸುವ ಲೆಕ್ಕ. ಜಪಾನಿನವರು ಕೂಡ ತಮ್ಮ ಮಾರ್ಚ್ ಕಾರನ್ನು (ಹೆಸರು ಬೇರೆ, ಕಾರು ಅದೇ) ಥಾಯ್ಲೆಂಡಿನಿಂದ ತರಿಸಿಕೊಳ್ಳತೊಡಗಿದರು.

ಇಲ್ಲಿ ಕೂಲಿ ಅಗ್ಗ, ಅದಕ್ಕೇ ಬರ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಕೊಟೇಶನ್ ಹಾಕಲು ಕೂತಾಗ ನೋಡಿದರೆ, ಅರ್ಧಕ್ಕಿಂತ ಜಾಸ್ತಿ ದುಡ್ಡು ಉಕ್ಕಿಗೇ ಹೋಗುತ್ತಿತ್ತು. ಆಮೇಲೆ ಡೈ (ತಗಡು ಒತ್ತುವ ಅಚ್ಚು), ಪ್ಲೇಟಿಂಗ್ (ತುಕ್ಕು ತಡೆಯುವ ಲೇಪ), ಲಾರಿ ಬಾಡಿಗೆ. ಆಪರೇಟರ್ ಕೂಲಿ ಬರೀ ಪೈಸೆ ಲೆಕ್ಕ. ಜಪಾನಿನ ಉಕ್ಕನ್ನೇ ತರಿಸಿ ಒತ್ತಿದರೆ ಉಳಿಯುವುದೇನು, ಮಣ್ಣು? ಇಲ್ಲಿನ ಕಾಯಿಲ್ (ಉಕ್ಕಿನ ತಗಡಿನ ಸುರುಳಿ) ಹಾಕಿಯೇ ಆ ಡ್ರಾಯಿಂಗಿಗೆ ತಕ್ಕ ಪಾರ್ಟ್ ತೆಗೆಯಬೇಕಿತ್ತು.

ಮೊದಲ ಟ್ರಯಲ್ ಕೈ ಕೊಟ್ಟಿತು. ಬೇಕಿದ್ದದ್ದು 90 ಡಿಗ್ರಿ. ಪಂಚ್ (ಮೇಲಿನಿಂದ ಒತ್ತುವ ಅಚ್ಚು) ಮೇಲೆದ್ದ ಕೂಡಲೇ ತಗಡು ಎರಡು ಡಿಗ್ರಿ ಬಿಚ್ಚಿಕೊಳ್ಳುತ್ತಿತ್ತು. "ಸಾರ್, ಇದು ಎದ್ದು ಕೂರುತ್ತೆ. ಇನ್ನೂ ಸ್ವಲ್ಪ ಮಲಗಿಸ್ಬೇಕು" ಅಂದರು ನಮ್ಮ ಹಿರಿಯ ಫಿಟ್ಟರ್. ಪಂಚನ್ನು ಗ್ರೈಂಡ್ ಮಾಡಿ 88ಕ್ಕೆ ಬಗ್ಗಿಸಿದೆವು, ಸರಿಯಾಗಿ 90ಕ್ಕೆ ಬಂದು ನಿಂತಿತು. ಮುಂದಿನ ಕಾಯಿಲಿಗೆ ಮತ್ತೆ 91! ಉಕ್ಕಿನ ಗಡಸುತನ ಕಾಯಿಲಿಂದ ಕಾಯಿಲಿಗೆ ಬದಲಾಗುತ್ತಿತ್ತು. ಕೊನೆಗೆ ಡೈಯಲ್ಲೇ ಕೋನ ತಿದ್ದಿಕೊಳ್ಳಲು ಒಂದು ಅಡ್ಜಸ್ಟ್‌ಮೆಂಟ್ ಬೆಣೆ ಇಟ್ಟೆವು. ಪ್ರತಿ ಕಾಯಿಲಿನ ಮೊದಲ ಐದು ಪೀಸ್ ಅಳೆದ ಮೇಲೇ ಮಶೀನ್ ಬಿಡುವುದು. ಇಷ್ಟಕ್ಕೆ ಮೂರು ತಿಂಗಳು ಹಿಡಿಯಿತು. ಇದನ್ನು ಯಾರೂ ಕೊಟೇಶನ್‌ನಲ್ಲಿ ಬರೆಯೋದಿಲ್ಲ, ಅಲ್ವಾ?

ಆ ಮಳೆಗಾಲದಲ್ಲಿ ಇನ್ನೊಂದು ಪೆಟ್ಟು ಬಿತ್ತು. ತಪ್ಪು ಪೂರ್ತಿ ನಮ್ಮದೇ. ಜಿಂಕ್ ಪ್ಲೇಟಿಂಗ್ ಆದ ಪಾರ್ಟುಗಳನ್ನು ಸರಿಯಾಗಿ ಒಣಗಿಸದೆ ರಟ್ಟಿನ ಡಬ್ಬಕ್ಕೆ ತುಂಬಿದ್ದೆವು. ಗಿರಾಕಿಯ ಗೋಡೌನಿನಲ್ಲಿ ಡಬ್ಬ ತೆರೆದರೆ ಪಾರ್ಟಿನ ಮೇಲೆಲ್ಲ ವಿಭೂತಿ ಬಳಿದ ಹಾಗೆ ಬಿಳಿ ತುಕ್ಕು. ಇಬ್ಬರು ಹುಡುಗರನ್ನು ಕರೆದುಕೊಂಡು ರಾತ್ರಿ ಬಸ್ಸಿಗೆ ಹೋದೆ. ಎರಡು ದಿನ ನೆಲದ ಮೇಲೆ ಕೂತು ಒಂದೊಂದೇ ಆರಿಸಿದೆವು. ಆ ತಿಂಗಳ ಲಾಭ ಅಲ್ಲೇ ಹೋಯಿತು. ವಾಪಸ್ ಬಂದವನೇ ರಟ್ಟು ಬಿಡಿಸಿ ಪ್ಲಾಸ್ಟಿಕ್ ಕ್ರೇಟ್ ತರಿಸಿದೆ.

ಆರು ವರ್ಷ ಸುಮಾರಾಗಿ ನಡೆಯಿತು. 2016ರ ಕೊನೆಗೆ ಯುರೋಪಿನ ಹೊಸ ಮೈಕ್ರಾ ಫ್ರಾನ್ಸಿನ ಫ್ಲಿನ್ಸ್‌ನಲ್ಲಿರುವ ರೆನೋ ಕಾರ್ಖಾನೆಗೆ ಹೋಯಿತು. ಇಲ್ಲಿ ಹಳೆಯ ಮಾಡೆಲ್ ಮುಂದುವರಿದರೂ ನಮಗೆ ಬರುವ ಆರ್ಡರ್ ತೆಳ್ಳಗಾಯಿತು. ಡೈ ಗಿರಾಕಿಯದು, ಗುಜರಿಗೆ ಹಾಕುವ ಹಾಗಿಲ್ಲ. ಗ್ರೀಸ್ ಬಳಿದು, ಟ್ಯಾಗ್ ಕಟ್ಟಿ, ಕೆಳಗಿನ ರ‍್ಯಾಕಿನಲ್ಲಿ ಇಟ್ಟೆವು. ನಾನು ಕೆಲಸ ಬಿಡುವಾಗಲೂ ಅಲ್ಲೇ ಇತ್ತು, ಬೆಣೆ ಸಮೇತ.