ಚಿಕ್ಕ ಮಕ್ಕಳ ಕ್ಲಾಸಿಗೆ ಪ್ರಾಕ್ಟೀಸ್ ಟೀಚಿಂಗ್‌ಗೆ ಹೋಗುವವರಿಗೆ: ಮೊದಲು ನೋಡೋದು ಕಲಿಯಿರಿ

ಎನ್‌ಟಿಟಿ, ಮಾಂಟೆಸ್ಸರಿ, ಡಿ.ಎಲ್.ಎಡ್, ನೀವು ಮಾಡುತ್ತಿರುವ ಟೀಚರ್ ಟ್ರೈನಿಂಗ್ ಕೋರ್ಸ್ ಯಾವುದೇ ಇರಲಿ, ಒಂದು ದಿನ ಕಾಲೇಜಿನವರು ಕೈಗೆ ಪತ್ರ ಕೊಟ್ಟು, ಪಾಠ ಮಾಡಿ ಅಭ್ಯಾಸ ಮಾಡಿಕೊಳ್ಳಿ ಅಂತ ಶಾಲೆಗೆ ಕಳಿಸುತ್ತಾರೆ. ಆಗ ತುಂಬಾ ಜನ ಮಾಡುವ ಮೊದಲ ಕೆಲಸ ಅಂದ್ರೆ ಬೆಂಗಳೂರಿನ ಅವೆನ್ಯೂ ರೋಡಿಗೆ ಹೋಗಿ ಚಾರ್ಟ್ ಪೇಪರ್, ಗ್ಲಿಟರ್, ಬಣ್ಣದ ಹಾಳೆ ಹೊತ್ತು ತರುವುದು. ಅದಕ್ಕೆ ಆಮೇಲೆ ಟೈಮ್ ಇದೆ. ಮೊದಲ ವಾರ ನಿಮಗೆ ಬೇಕಾಗಿರುವುದು ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು, ಅಷ್ಟೇ.

ಕುರ್ಚಿ ಕೇಳಬೇಡಿ. ಗೋಡೆ ಪಕ್ಕ ನೆಲದ ಮೇಲೆ ಕೂರಿ. ಮಗುವಿನ ಎತ್ತರಕ್ಕೆ ಇಳಿದರೆ ಎಷ್ಟೋ ವಿಷಯ ಗೊತ್ತಾಗುತ್ತೆ: ಟೀಚರ್ ಕಷ್ಟಪಟ್ಟು ಮಾಡಿದ ಚಾರ್ಟ್ ಮಕ್ಕಳ ಕಣ್ಣಿಗಿಂತ ತುಂಬಾ ಮೇಲಿದೆ, ಬೆಳಗ್ಗಿನ ಬಿಸಿಲು ಬೋರ್ಡಿಗೆ ಹೊಡೆದು ಮೂಲೆಯಲ್ಲಿ ಕೂತ ಮಕ್ಕಳಿಗೆ ಅಕ್ಷರವೇ ಕಾಣಿಸುತ್ತಿಲ್ಲ.

ಒಂದು ಮಗುವನ್ನು ಆರಿಸಿಕೊಂಡು ಹತ್ತು ನಿಮಿಷ ಸುಮ್ನೆ ನೋಡಿ, ಕಂಡದ್ದನ್ನು ಬರೆಯಿರಿ. ಹೆಸರು ಬೇಡ, ಗುರುತಿಗೆ ಒಂದು ಅಕ್ಷರ ಸಾಕು. ಫೋಟೋನೂ ಬೇಡ. ‘ಹುಡುಗ ತುಂಬಾ ಗಲಾಟೆ’ ಅಂತ ಬರೆದರೆ ಅದರಿಂದ ನಾಳೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಮಣಿ ಪೋಣಿಸಲು ಕೊಟ್ಟರು. ಐದು ಮಣಿ ಹಾಕಿದ. ದಾರದ ತುದಿ ಬಿಚ್ಚಿಕೊಂಡಿತು. ಆರನೇ ಮಣಿ ಹೋಗಲಿಲ್ಲ. ಟೀಚರ್ ಕಡೆ ನೋಡಿದ, ಅವರು ಇನ್ನೊಂದು ಮಗುವಿನ ಹತ್ತಿರ ಇದ್ದರು. ಟ್ರೇ ತಳ್ಳಿ ಎದ್ದ.’ ಇದನ್ನು ಓದಿದರೆ ಮುಂದೇನು ಮಾಡಬೇಕು ಅಂತ ತಾನಾಗಿಯೇ ಹೊಳೆಯುತ್ತೆ ಅಲ್ವಾ? ದಾರದ ತುದಿಗೆ ಚೂರು ಸೆಲ್ಲೋಟೇಪ್ ಸುತ್ತಿ ಕೊಟ್ಟರೆ ಆಯ್ತು. ಬೈಗುಳ ತಪ್ಪಿತು, ಮಗು ಕೂತು ಕೆಲಸ ಮುಗಿಸಿತು. ಟೀಚರ್ ಆಗೋದು ಶುರುವಾಗುವುದೇ ಇಲ್ಲಿಂದ ಅಂತ ನಾನು ನಂಬಿದ್ದೇನೆ.

ನಿಮ್ಮದು ಖಾಸಗಿ ನರ್ಸರಿ ಆಗಿದ್ದರೂ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ಒಂದು ದಿನ ನಲಿ-ಕಲಿ ತರಗತಿ ನೋಡಿ ಬನ್ನಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಅನ್ನುವ ಗುಂಪುಗಳಲ್ಲಿ ಕೂರುತ್ತಾರೆ. ಟೀಚರ್ ಸಹಾಯ ಪೂರ್ತಿ ಬೇಕಾದವರು ಒಂದು ಕಡೆ, ಗೆಳೆಯರ ಜೊತೆ ಕಲಿಯುವವರು ಇನ್ನೊಂದು ಕಡೆ, ತಾವೇ ಮಾಡಿಕೊಳ್ಳುವವರು ಮತ್ತೊಂದು ಕಡೆ. ಅಕ್ಷರವೂ ಅ, ಆ, ಇ, ಈ ಅಂತ ಸಾಲಾಗಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ವರ್ಣಮಾಲೆ ಪೂರ್ತಿ ಬಾಯಿಪಾಠ ಆಗುವ ತನಕ ಕಾಯದೆ ಮಗು ಒಂದು ಪದ ಓದಿಬಿಡುತ್ತೆ, ಆಗ ಅದರ ಮುಖ ನೋಡಬೇಕು ನೀವು.

ಇನ್ನು ಪಾಠ ಯೋಜನೆ. ನಾಲ್ಕು ವರ್ಷದ ಮಕ್ಕಳಿಗೆ ಒಂದು ಚಟುವಟಿಕೆಗೆ ಹತ್ತರಿಂದ ಹದಿನೈದು ನಿಮಿಷ ಇಟ್ಟುಕೊಳ್ಳಿ. ಆದರೆ ಕ್ಲಾಸ್ ಕೈತಪ್ಪುವುದು ಜಾಸ್ತಿ ಚಟುವಟಿಕೆಯ ಒಳಗಲ್ಲ, ಒಂದು ಮುಗಿದು ಇನ್ನೊಂದು ಶುರುವಾಗುವ ಮಧ್ಯದಲ್ಲಿ. ಕ್ರೇಯಾನ್ ಯಾರು ಹಂಚುತ್ತಾರೆ? ಬೇಗ ಮುಗಿಸಿದ ಮಗು ಏನು ಮಾಡಬೇಕು? ಇದನ್ನೆಲ್ಲ ಯೋಜನೆಯಲ್ಲೇ ಬರೆದುಕೊಳ್ಳಿ. ನಲ್ಲಿ ಎರಡೇ ಇರುವಾಗ ‘ಎಲ್ಲರೂ ಹೋಗಿ ಕೈ ತೊಳೆದುಕೊಳ್ಳಿ’ ಅಂದರೆ ತಳ್ಳಾಟ ಗ್ಯಾರಂಟಿ. ‘ಹೆಸರಲ್ಲಿ ರ ಇರೋರು ಮೊದಲು ಎದ್ದೇಳಿ’ ಅನ್ನಿ. ಸಾಲು ಚಿಕ್ಕದಾಗುತ್ತೆ, ಉಳಿದವರು ತಮ್ಮ ಹೆಸರನ್ನು ಬಾಯಲ್ಲೇ ಬಿಡಿಸಿ ನೋಡುತ್ತಾ ಕೂರುತ್ತಾರೆ, ಅದೂ ಭಾಷೆ ಪಾಠವೇ. ಮಾಂಟೆಸ್ಸರಿ ಶಾಲೆಯಲ್ಲಿ ಚಾಪೆ ಹಾಸುವುದು, ಸುತ್ತಿ ಇಡುವುದನ್ನೂ ಪಾಠವಾಗಿಯೇ ಕಲಿಸುವುದು ಇದಕ್ಕೇ.

ಬೆಂಗಳೂರಲ್ಲಿ ಒಂದೇ ಕ್ಲಾಸಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಮನೆಯ ಮಕ್ಕಳು ಸಿಗುತ್ತಾರೆ. ನೀರು, ಟಾಯ್ಲೆಟ್, ನೋವು, ಈ ಮೂರಕ್ಕೆ ಪ್ರತಿ ಮಗು ಮನೆಯಲ್ಲಿ ಏನಂತ ಹೇಳುತ್ತೆ ಅಂತ ಮೊದಲ ವಾರವೇ ಕೇಳಿಟ್ಟುಕೊಳ್ಳಿ. ‘ತಣ್ಣಿ’, ‘ನೀಳ್ಳು’, ‘ಪಾನಿ’ ಅಂದಾಗ ತಿದ್ದಲು ಹೋಗದೆ ‘ನೀರು ಬೇಕಾ ಪುಟ್ಟಾ, ಬಾ’ ಅಂತ ಕರೆದುಕೊಂಡು ಹೋಗಿ. ಹೊಸ ಪದ ಅಲ್ಲೇ ಸಿಕ್ಕಿತು. ಕಟ್ಟಡ ಕೆಲಸಕ್ಕೆ ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು ‘ಬ್ಯಾಡ್ರಿ’ ಅಂದರೆ ಅದೂ ಕನ್ನಡವೇ. ಯಾರಾದರೂ ನಗಾಡಿದರೆ ಅಲ್ಲೇ ತಡೆಯಿರಿ.

ಜೂನ್‌ನಲ್ಲಿ ಹೋದರೆ ಅಳುವ ಮಕ್ಕಳು ಇದ್ದೇ ಇರುತ್ತಾರೆ. ‘ಅಮ್ಮ ಈಗ ಬರ್ತಾರೆ’ ಅಂತ ಸುಳ್ಳು ಹೇಳಬೇಡಿ. ‘ಊಟ ಮಾಡ್ತೀವಿ, ಕಥೆ ಕೇಳ್ತೀವಿ, ಬ್ಯಾಗ್ ಹಾಕ್ಕೊಳ್ತೀವಿ, ಆಮೇಲೆ ಅಮ್ಮ ಬರ್ತಾರೆ’ ಅನ್ನಿ. ಗಡಿಯಾರ ಗೊತ್ತಿಲ್ಲದ ಮಗುವಿಗೆ ಈ ಲೆಕ್ಕ ಅರ್ಥವಾಗುತ್ತೆ. ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುವ ವಿಷಯದಲ್ಲಿ ಮಾತ್ರ ಶಾಲೆಯ ನಿಯಮ ಏನು ಅಂತ ಮೊದಲೇ ಕೇಳಿಕೊಳ್ಳಿ.

ನಿಮ್ಮ ಪಾಠ ಆದಮೇಲೆ ಕ್ಲಾಸ್ ಟೀಚರ್ ಹತ್ತಿರ ‘ಹೇಗಿತ್ತು ಮಿಸ್?’ ಅಂದರೆ ‘ಚೆನ್ನಾಗಿತ್ತಮ್ಮ’ ಅಂತಾರೆ, ಅಲ್ಲಿಗೆ ಮುಗೀತು. ಪಾಠಕ್ಕೆ ಮುಂಚೆಯೇ ಮಕ್ಕಳು ಕೂರುವ ಜಾಗದ ನಕ್ಷೆ ಬರೆದು ಅವರ ಕೈಗೆ ಕೊಡಿ. ‘ನಾನು ಯಾವ ಮಗುವನ್ನು ಮಾತಾಡಿಸಿದರೂ ಅಲ್ಲಿ ಒಂದು ಗೀಟು ಹಾಕ್ತೀರಾ ಮಿಸ್?’ ಅಂತ ಕೇಳಿ. ಮುಂದೆ ಕೂತ, ಪಟಪಟ ಉತ್ತರ ಹೇಳುವ ಮಕ್ಕಳ ಜಾಗದಲ್ಲೇ ಗೀಟು ತುಂಬಿಕೊಂಡಿರುವ ಸಾಧ್ಯತೆ ಜಾಸ್ತಿ. ಮುಂದಿನ ಪಾಠವನ್ನು ಗೀಟು ಬೀಳದ ಮಕ್ಕಳ ಪಕ್ಕ ಕೂತು ಶುರು ಮಾಡಿ.